ಶಂಕು ಮಾತ್ರ ಬೇಡ

ನನ್ನ ಗಂಟಲು ದೊಡ್ಡದು. ಕಾಶಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಾನು ಮಗಳನ್ನು ಊಟಕ್ಕೆ ಕರೆದರೆ ಅಕ್ಕಪಕ್ಕದ ಮನೆಯ ಮಕ್ಕಳೂ ಕೈ ತೊಳೆದುಕೊಂಡು ಕೂರುತ್ತಾರೆಂದು ಗಂಡ ಪ್ರಾಣೇಶ ಆಡಿಕೊಳ್ಳುತ್ತಾರೆ. ಅದು ಜೋರು ಹೆಂಗಸಿನ ಗಂಟಲಲ್ಲ, ಪುಕ್ಕಲಿಯ ಗಂಟಲು. ಹೆದರಿಕೆ ಹೆಚ್ಚಾದಷ್ಟೂ ನನ್ನ ಕೂಗು ಹೆಚ್ಚಾಗುತ್ತದೆ.

ಆ ಗಾಜಿನ ತೊಟ್ಟಿ ಮನೆಗೆ ಬಂದ ದಿನದಿಂದ ನಾನು ಕೂಗುತ್ತಲೇ ಇದ್ದೆ. ಮಗಳು ಅಮೂಲ್ಯಾಳ ಹುಟ್ಟುಹಬ್ಬಕ್ಕೆ ಅವಳ ಅಪ್ಪ ತಂದುಕೊಟ್ಟಿದ್ದು. ಒಂದು ಬಕೆಟ್ಟು ನೀರು ಹಿಡಿದರೆ ಹೆಚ್ಚು, ಅಷ್ಟೇ ಜಾಗ. ಅದರಲ್ಲಿ ಪೊಟ್ಟಣದ ಉಪ್ಪು ಕರಗಿಸಿ ಸಮುದ್ರ ಮಾಡಬೇಕಂತೆ. ಗಂಗೆಯ ದಂಡೆಯಲ್ಲಿ ಕೂತು ಸಮುದ್ರ ಸಾಕುವ ಹುಚ್ಚು ಯಾರಿಗಾದರೂ ಇರುತ್ತದೆಯೇ? ಮಾವ ವಿಷ್ಣುತೀರ್ಥಾಚಾರ್ಯರು ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಸಂಕಲ್ಪ ಮಾಡಿಸುವವರು. ಅವರು ತೊಟ್ಟಿಯ ಮುಂದೆ ನಿಂತು, "ಇದರಲ್ಲಿ ಮೀನು ಸತ್ರೆ ನಮಗೆ ಎಷ್ಟು ದಿನ ಸೂತಕವಮ್ಮ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೆಣ ಸುಡುವ ಹರಿಶ್ಚಂದ್ರ ಘಾಟಿನ ಹೊಗೆ ಗಾಳಿ ತಿರುಗಿದಾಗ ನಮ್ಮ ಬಟ್ಟೆ ಹಗ್ಗದವರೆಗೂ ಬರುತ್ತದೆ. ಸಾವು ಬೀದಿಯಲ್ಲಿ ಎಷ್ಟು ಬೇಕಾದರೂ ಓಡಾಡಿಕೊಂಡಿರಲಿ, ನಮ್ಮ ಹೊಸಿಲು ದಾಟಬಾರದು ಎಂಬುದು ನನ್ನ ಹಟ.

ಅದಕ್ಕೇ, ಸಾಯದೆ ಉಳಿಯುವಂಥದ್ದು ಯಾವುದೆಂದು ಗೋಪಿನಾಥರನ್ನು ಕೇಳಿದೆ. ಪ್ರಾಣೇಶರ ಹಾಸ್ಟೆಲಿನ ಗೆಳೆಯ, ಈಗ ಕಾರವಾರದಲ್ಲಿ ಕಡಲಜೀವಿಗಳ ಪಾಠ ಮಾಡುವ ಮೇಷ್ಟ್ರು. ವಿಜ್ಞಾನವನ್ನೆಲ್ಲ ಕನ್ನಡದಲ್ಲೇ ಹೇಳುವ ವ್ರತ ಹಿಡಿದ ಮನುಷ್ಯ. ಫೋನಿಗೆ ಅವರ ದನಿ ಸಂದೇಶ ಬಂತು.

"ಅತ್ತಿಗೆ, ನಿಮ್ಮದು ಸಮುದ್ರ ಅಲ್ಲ, ತೀರ್ಥದ ಬಟ್ಟಲು. ಅಮೂಲ್ಯಾ ಕೇಳೋ ನೀಲಿ ಮೀನು ಮೊಳದುದ್ದ ಬೆಳೆಯತ್ತೆ, ಬೇಡ. ಮುಳ್ಳಿನ ಮೀನು, ಉಬ್ಬೋ ಮೀನು, ಯಾವುದೂ ಬೇಡ. ಬೆರಳುದ್ದದ ಗೋಬಿ ಮೀನು ಒಂದು, ಸೀಗಡಿ ಒಂದು. ಗಾಜು ನೆಕ್ಕಿ ಶುಚಿ ಮಾಡೋಕೆ ಬಸವನಹುಳು ಒಂದೆರಡು. ಶಂಕು ಮಾತ್ರ ಬೇಡ. ಮುಟ್ಟಲೂಬೇಡಿ."

ಕಡೆಯ ಮಾತು ಕೇಳಿ ನಾನು ನಕ್ಕಿದ್ದೆ. ನಮ್ಮ ಮನೆಯಲ್ಲಿ ಶಂಕು ಎಂದರೆ ದೇವರ ಮುಂದಿರುವ ಶಂಖ. ಮಾವ, ಅತ್ತೆ, ನಾನು, ಎಲ್ಲರೂ ಶಂಕು ಎಂದೇ ಅನ್ನುವುದು. ಪುರೋಹಿತರ ಮನೆಯವರು ಅಲಂಕಾರಕ್ಕೆಂದು ಪೂಜೆಯ ಶಂಖವನ್ನೇ ತೊಟ್ಟಿಗೆ ಇಟ್ಟುಬಿಟ್ಟಾರು ಎಂದು ಈ ಮನುಷ್ಯನಿಗೆ ಭಯ ನೋಡು ಎಂದುಕೊಂಡೆ.

ಕಂಟೋನ್ಮೆಂಟಿನ ಹತ್ತಿರದ ಅಂಗಡಿಯಲ್ಲಿ ಉಪ್ಪುನೀರಿನ ತೊಟ್ಟಿ ಇದ್ದದ್ದು ಒಂದೇ. ಅಮೂಲ್ಯಾ ನೀಲಿ ಮೀನಿಗಾಗಿ ಅತ್ತಳು, ನಾನು ಜಗ್ಗಲಿಲ್ಲ. ಗೋಬಿ ಕೊಂಡೆ, ಸೀಗಡಿ ಕೊಂಡೆ. ಮೂಲೆಯ ಮರಳಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಚಿಪ್ಪು ಅರ್ಧ ಹೂತುಕೊಂಡಿತ್ತು. ಒಂದು ಕಡೆ ಅಗಲ, ಒಂದು ಕಡೆ ಚೂಪು. ಮೈಮೇಲೆ ಬನಾರಸೀ ಸೀರೆಯ ಬುಟ್ಟಾದಂಥ ಕಂದು ಚಿತ್ತಾರ. "ಘೋಂಘಾ ಹೈ ಭಾಭೀಜೀ, ರೇತ್ ಸಾಫ್ ಕರೇಗಾ," ಎಂದ ಅಂಗಡಿಯವ. ಬಸವನಹುಳು, ಮರಳು ಶುಚಿ ಮಾಡುತ್ತದಂತೆ. ಬಸವನಹುಳು ಇರಲಿ ಎಂದು ಗೋಪಿನಾಥರೇ ಹೇಳಿದ್ದರಲ್ಲ, ಅದನ್ನೂ ತಂದೆ.

ಆಮೇಲೆ ಒಂದು ವಾರ ಯಾರೂ ಸಾಯಲಿಲ್ಲ. ನಾನು ನಿಜವಾಗಿಯೂ ಹಿಗ್ಗಿದೆ. ಅಮೂಲ್ಯಾ ತೊಟ್ಟಿಯ ಫೋಟೋ ತೆಗೆದು ಗೋಪಿನಾಥರಿಗೆ ಕಳಿಸಿದಳು.

ದ್ವಾದಶಿಯ ಬೆಳಿಗ್ಗೆ ಪಾರಣೆಯ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದೆ. ಗೋಪಿನಾಥರ ಫೋನು ಬಂತು.

"ಅತ್ತಿಗೆ, ಫೋಟೋ ಈಗ ನೋಡ್ದೆ. ಶಂಕು ಬೇಡ ಅಂದಿದ್ನಲ್ಲ! ಯಾಕೆ ತಂದ್ರಿ?"

"ಶಂಕು ದೇವರ ಮನೇಲೇ ಇದೆಯಲ್ಲ?"

"ಅಯ್ಯೋ, ಆ ಶಂಖ ಅಲ್ಲ. ಶಂಕು! ಗಣಿತದ ಶಂಕು! ಐಸ್ ಕ್ರೀಮಿನ ಕೋನ್ ಇರತ್ತಲ್ಲ, ಆ ಆಕಾರದ ಹುಳು. ಅದಕ್ಕೆ ಸೊಂಡಿಲಿದೆ, ಸೊಂಡಿಲ ತುದೀಲಿ ಸೂಜಿಯಂಥ ಹಲ್ಲು. ವಿಷ. ದೊಡ್ಡವರನ್ನೇ ಕೊಂದದ್ದಿದೆ. ಯಾರೂ ಮುಟ್ಟಿಲ್ಲ ತಾನೇ?"

ಕಾಶಿಯ ಶಾಲೆಯಲ್ಲಿ ಹಿಂದಿಯಲ್ಲಿ ಗಣಿತ ಓದುವಾಗ ನಾನೂ ಶಂಕುವನ್ನು ಬರೆದವಳೇ. ಆದರೆ ಅವರು ಹೇಳಿದ್ದು ಕನ್ನಡದಲ್ಲಿ. ಕನ್ನಡ ನನಗೆ ಮನೆಯೊಳಗಿನ ಮಾತು, ಹಾಗಾಗಿ ಕಿವಿಗೆ ಬಿದ್ದದ್ದು ಮನೆಯೊಳಗಿನ ಶಂಕುವೇ. ಅವರು ಮುಟ್ಟಲೂಬೇಡಿ ಎಂದ ಒಂದೇ ಒಂದು ಪ್ರಾಣಿಯನ್ನು ನಾನೇ ಆರಿಸಿ, ನಾನೇ ಎತ್ತಿಕೊಂಡು ಬಂದಿದ್ದೆ.

ಫೋನು ಹಿಡಿದೇ ತೊಟ್ಟಿಯ ಹತ್ತಿರ ಓಡಿದೆ. ಗೋಬಿ ಇತ್ತು, ಸೀಗಡಿ ಇತ್ತು. ಅದು ಕಾಣಲಿಲ್ಲ. ಮರಳಿನಲ್ಲಿ ಹೂತಿರಬಹುದೆಂದು ಸಾರಿನ ಸೌಟು ತಂದು ಮರಳನ್ನೆಲ್ಲ ಕೆದಕಿದೆ. ನೀರು ರಾಡಿಯಾಯಿತು. ಅದು ಇರಲಿಲ್ಲ.

"ಏನೇ ಹುಡುಕ್ತೀಯ?" ಎಂದರು ಅತ್ತೆ, ಬತ್ತಿ ಹೊಸೆಯುತ್ತಾ. "ಆ ಪುಟ್ಟ ಶಂಕುವಾ? ನಿಮ್ಮ ಮಾವ ಗಂಗೆಗೆ ಬಿಡೋಕೆ ತಗೊಂಡು ಹೋದ್ರು. ಶಂಕುವಿನ ಜಾತಿಯದ್ದನ್ನ ಗಾಜಲ್ಲಿ ಕೂಡಿಹಾಕಬಾರದಂತೆ. ಅಮೂಲ್ಯಾನೂ ಹೋದ್ಲು. ಅವಳ ಕೈಯಿಂದಲೇ ಬಿಡಿಸ್ತಾರಂತೆ."

ಕೈಯಿಂದ. ಅದು ಮಾವನ ನೇಮ. ಗಂಗೆಗೆ ಕೊಡುವುದನ್ನು ಪಾತ್ರೆಯಿಂದ ಸುರಿಯಬಾರದು, ಬಲಗೈಯಲ್ಲಿ ಇಟ್ಟುಕೊಂಡು ಸಂಕಲ್ಪ ಹೇಳಿ ಬಿಡಬೇಕು. ಅವರ ಸಂಕಲ್ಪವೋ, ಕಲ್ಪ ಮನ್ವಂತರಗಳಿಂದ ಶುರುವಾಗುತ್ತದೆ.

ಚಪ್ಪಲಿ ಹಾಕದೆ ಓಡಿದೆ. ಕಿವಿಯ ಹತ್ತಿರ ಗೋಪಿನಾಥರು ಇನ್ನೂ ಮಾತಾಡುತ್ತಿದ್ದರು. "ಕೆಲವು ಸಲ ಚುಚ್ಚಿದ್ದು ಗೊತ್ತೇ ಆಗಲ್ಲ ಅತ್ತಿಗೆ. ತುಟಿ ಮರಗಟ್ಟತ್ತೆ, ಮಾತು ತೊದಲತ್ತೆ, ಆಮೇಲೆ ಉಸಿರು. ಮದ್ದಿಲ್ಲ. ಆಸ್ಪತ್ರೆಯಲ್ಲಿ ಉಸಿರಾಡಿಸ್ತಾ ಕಾಯಬೇಕು. ಮಗು ಕೈಲಿದ್ರೆ ಕಿರುಚಬೇಡಿ. ಬೆಚ್ಚಿ ಮುಷ್ಟಿ ಕಟ್ಟಿದ್ರೆ ಚುಚ್ಚೇ ಚುಚ್ಚತ್ತೆ."

ಕೇದಾರ ಘಾಟಿನಲ್ಲಿ ಅವರಿರಲಿಲ್ಲ. ಯಾತ್ರಿಕರ ಗದ್ದಲವಿದ್ದಾಗ ಮಾವ ಹರಿಶ್ಚಂದ್ರದ ಕಡೆಯ ಖಾಲಿ ಮೆಟ್ಟಿಲುಗಳಿಗೆ ಹೋಗುತ್ತಾರೆ. ಆ ಕಡೆ ತಿರುಗಿದೆ. ಎದುರಿಗೆ ಎರಡು ಚಿತೆ ಉರಿಯುತ್ತಿದ್ದವು. ಹುಟ್ಟಿದಾಗಿನಿಂದ ನೋಡಿದ ಬೆಂಕಿ. ಅವತ್ತು ಅದರ ಕಡೆ ನೋಡದೆ ಗೋಡೆ ಹಿಡಿದುಕೊಂಡು ಹೋದೆ.

ಅವರು ಕಂಡರು. ಮಾವ ಮೊಣಕಾಲು ನೀರಿನಲ್ಲಿ, ಅಮೂಲ್ಯಾ ಒಂದು ಮೆಟ್ಟಿಲು ಮೇಲೆ. ಅವಳ ಬಲಗೈ ಮುಂದೆ ಚಾಚಿತ್ತು. ತೆರೆದ ಅಂಗೈ ಮೇಲೆ ಆ ಚಿತ್ತಾರದ ಚಿಪ್ಪು, ಸುತ್ತ ನಾಲ್ಕು ಅಕ್ಷತೆ ಕಾಳು. ಮಾವ ಕಣ್ಣು ಮುಚ್ಚಿ ಸಂಕಲ್ಪ ಹೇಳುತ್ತಿದ್ದರು, ಅವಳು ಅವರ ಹಿಂದೆಯೇ ಅದನ್ನು ಹೇಳುತ್ತಿದ್ದಳು. ಸಂಕಲ್ಪದಲ್ಲಿ ಕಾಶಿಗೆ ಮಹಾಶ್ಮಶಾನ ಎಂಬ ಹೆಸರೂ ಇದೆ. ಅಮೂಲ್ಯಾ ಅಂಗೈಯನ್ನೇ ನೋಡುತ್ತಾ, "ಮಹಾಶ್ಮಶಾನೇ" ಎಂದಳು.

ಕೂಗು ಗಂಟಲಿಗೆ ಬಂದೇಬಿಟ್ಟಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮೆಟ್ಟಿಲಿಳಿದು ಅವಳ ಪಕ್ಕ ಬರುವವರೆಗೆ ಸೆರಗು ತೆಗೆಯಲಿಲ್ಲ. ಹೆಜ್ಜೆಯ ಸದ್ದಿಗೆ ಮಾವ ಕಣ್ಣು ತೆರೆಯದೆಯೇ ಎಡಗೈ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದರು.

"ಪುಟ್ಟಿ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅಷ್ಟು ಮೆಲ್ಲಗೆ ನಾನು ಅವಳಿಗೆ ಜೋಗುಳ ಕೂಡ ಹಾಡಿದವಳಲ್ಲ. "ಕೈ ಅಲ್ಲಾಡಿಸಬೇಡ. ಮುಚ್ಚಬೇಡ. ಅಂಗೈ ಓರೆ ಮಾಡು, ಅದು ನೀರಿಗೆ ಜಾರಲಿ."

ಅವಳು ತಲೆಯೆತ್ತಿದಳು. ಕಣ್ಣಲ್ಲಿ ನೀರಿತ್ತು. "ನಹೀ ಅಮ್ಮಾ. ತಾತಂಗೆ ಗೊತ್ತಿಲ್ಲ. ಗಂಗಾ ತೋ ಮೀಠಾ ಪಾನೀ ಹೈ, ಸಿಹಿನೀರು. ಉಪ್ಪಿಲ್ಲದೆ ಇದು ಸತ್ತುಹೋಗತ್ತೆ. ನಾನು ಬಿಡಲ್ಲ."

ಬಿಡಲ್ಲ ಎನ್ನುತ್ತಾ ಅವಳ ಬೆರಳುಗಳು ಸ್ವಲ್ಪ ಮಡಿಚಿಕೊಂಡವು.

ಅಷ್ಟರಲ್ಲಿ ಚಿಪ್ಪಿನ ಚೂಪು ತುದಿಯಿಂದ ಸಣ್ಣದೊಂದು ನಳಿಕೆ ಹೊರಗೆ ಬಂತು. ಅತ್ತ ತಿರುಗಿತು, ಇತ್ತ ತಿರುಗಿತು, ಅವಳ ಹೆಬ್ಬೆರಳಿನ ಬುಡದ ಕಡೆ ನೀಳವಾಯಿತು. "ದೇಖೋ ಅಮ್ಮಾ, ಗಣೇಶ್‌ಜೀ ಕೀ ಸೂಂಡ್! ಸೊಂಡಿಲು!" ಎಂದು ಅಳುವಿನ ನಡುವೆಯೇ ನಕ್ಕಳು.

ಮೆಟ್ಟಿಲ ಮೇಲೆ ಅವಳೇ ತಂದಿದ್ದ ಸ್ಟೀಲಿನ ಚೊಂಬಿತ್ತು, ಅರ್ಧದಷ್ಟು ತೊಟ್ಟಿಯ ನೀರಿನೊಂದಿಗೆ. ಅದನ್ನು ಎತ್ತಿ ಅವಳ ಅಂಗೈ ಕೆಳಗೆ ಹಿಡಿದೆ.

"ಆಯ್ತು, ಗಂಗೆಗೆ ಬೇಡ. ಮನೆಗೆ ಕರ್ಕೊಂಡು ಹೋಗೋಣ. ಇದರಲ್ಲಿ ಉಪ್ಪುನೀರಿದೆ ನೋಡು. ಇದಕ್ಕೆ ಜಾರಿಸು."

"ಪಕ್ಕಾ?"

"ಪಕ್ಕಾ."

"ತಾತನ ಆಣೆ?"

"ತಾತನ ಆಣೆ, ಪುಟ್ಟಿ. ಜಾರಿಸು."

ಅವಳು ಕೈ ಓರೆ ಮಾಡಿದಳು. ಚಿಪ್ಪು ಚೊಂಬಿನೊಳಗೆ ಟಣ್ಣೆಂದು ಬಿತ್ತು. ಮರುಗಳಿಗೆಯಲ್ಲಿ ನಾನು ತೋಳಿನಲ್ಲಿದ್ದ ಬಲವನ್ನೆಲ್ಲ ಹಾಕಿ ಚೊಂಬಿನ ಸಮೇತ ಅದನ್ನು ನಡುನೀರಿಗೆ ಎಸೆದೆ.

ಮಾವ ಕಣ್ಣು ಬಿಟ್ಟರು. "ಏನಮ್ಮ ಶ್ರೀರಮಾ, ಸಂಕಲ್ಪ ಮುಗಿದೇ ಇರಲಿಲ್ಲ," ಎಂದರು. ವಿಷ ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಹೊರಟಿತು. ಅವರು ನೀರಿನಲ್ಲಿ ಕುಸಿದು ಕೂತರು. "ನಾನೇ ಇಟ್ಟೆನಲ್ಲ, ನನ್ನ ಕೈಯಾರೆ ಕೂಸಿನ ಕೈಗಿಟ್ಟೆನಲ್ಲ," ಎಂದು ಮತ್ತೆ ಮತ್ತೆ ಹೇಳತೊಡಗಿದರು. ಅವರ ಕೈಗಳನ್ನೂ ತಿರುಗಿಸಿ ನೋಡಿದೆ. ಅಮೂಲ್ಯಾಳ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒದ್ದೆ ಗೆರೆಗಳು, ಅಂಟಿದ ಅಕ್ಷತೆ. ಚುಚ್ಚಿದ ಗುರುತು ಇಲ್ಲ ಅನ್ನಿಸುತ್ತಿತ್ತು. ಆದರೆ ಗುರುತು ಕಾಣಲೇಬೇಕೆಂದು ಏನೂ ಇರಲಿಲ್ಲವಲ್ಲ.

ಅವಳು ಕೈ ಕಿತ್ತುಕೊಂಡಳು. ಕೋಪ ಬಂದರೆ ಹಿಂದಿಯಲ್ಲೇ ಸಿಡಿಯುವ ಹುಡುಗಿ ಅಂದು ಬಿಡಿಬಿಡಿಯಾಗಿ ಕನ್ನಡದಲ್ಲಿ ಹೇಳಿದಳು. "ಮನೆಗೆ ಕರ್ಕೊಂಡು ಹೋಗೋಣ ಅಂದಿದ್ದೆ. ನೀನು ಸುಳ್ಳು ಹೇಳಿದೆ. ತಾತನ ಆಣೆ ಇಟ್ಟು ಸುಳ್ಳು ಹೇಳಿದೆ. ನೀನು ಕೆಟ್ಟವಳು."

ಒಂದಕ್ಷರ ತೊದಲಿರಲಿಲ್ಲ.

ಆಟೋ ಹಿಡಿದು ಆಸ್ಪತ್ರೆಗೆ ಹೊರಟೆವು, ಮಾವ ಒಂದು ಪಕ್ಕ, ನಾನು ಒಂದು ಪಕ್ಕ, ಅವಳು ನಡುವೆ. ಅವಳು ಬೈಯುತ್ತಲೇ ಇದ್ದಳು. ಅದು ಸತ್ತೇ ಹೋಗಿರುತ್ತದೆ ಎಂದಳು, ಇನ್ನು ಯಾವತ್ತೂ ನಿನ್ನ ಮಾತು ನಂಬಲ್ಲ ಎಂದಳು, ನಿನಗೆ ಕೂಗೋದೊಂದೇ ಗೊತ್ತು ಎಂದಳು. ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಗೋದೌಲಿಯ ಜನಜಂಗುಳಿಯಲ್ಲಿ ಆಟೋ ನಿಂತಾಗ ಅವಳು ಸುಮ್ಮನಾಗಿ ಹೊರಗೆ ಮುಖ ತಿರುಗಿಸಿದಳು. ಅವಳ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ನಿಲ್ಲಿಸಬೇಡ ಪುಟ್ಟಿ," ಎಂದೆ. "ಬೈಯಿ. ಇನ್ನೂ ಬೈಯಿ."