ಯಮುನತ್ತೆ ಗೆದ್ದ ಸಾರು

ಅಂಗೈಯ ಗುಳಿಯಲ್ಲಿ ಒಂದು ಹನಿ ಮೀನಿನ ಸಾರು. ಆ ಮನೆಗೆ ಸೊಸೆಯಾಗಿ ಹೋದ ಮೂರನೆಯ ದಿನ ಯಮುನತ್ತೆ ಅದನ್ನು ಸೌಟಿನ ತುದಿಯಿಂದ ನನ್ನ ಕೈಗೆ ಬಿಟ್ಟು, ನೆಕ್ಕು ಎಂದು ಕಣ್ಣಿನಲ್ಲೇ ಹೇಳಿದರು. ನೆಕ್ಕಿದೆ. ಹೇಗಿದೆ ಎಂದು ಅವರು ಕೇಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ ಮಡಕೆ ಇಳಿಸಿದರು. ಉಪ್ಪು ಕಡಿಮೆಯಾಗಿದೆ ಎನ್ನುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಆದರೆ ಕಡಿಮೆಯಾಗಿದ್ದದ್ದು ನಿಜ, ಅದೂ ಸರಿಯಾಗಿ ಒಂದು ಚಿಟಿಕೆ.

ಯಮುನತ್ತೆ ನನ್ನ ಮಾವನವರ ಅಕ್ಕ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ನಮ್ಮ ಜನ ದೇವರ ಪೂಜೆಯನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೋ ಮೀನನ್ನೂ ಅಷ್ಟೇ ಶ್ರದ್ಧೆಯಿಂದ ತಿನ್ನುತ್ತಾರೆ. ಸೋಮವಾರ ಇಲ್ಲ, ಏಕಾದಶಿಗೆ ಇಲ್ಲ, ಶ್ರಾವಣದಲ್ಲಿ ಇಲ್ಲ. ಹೆಂಡತಿ ಸತ್ತ ಗಂಡಸಿಗೆ ಸೂತಕ ಕಳೆಯುವವರೆಗೆ ಇಲ್ಲ. ಗಂಡ ಸತ್ತ ಹೆಂಗಸಿಗೆ ಎಂದೆಂದಿಗೂ ಇಲ್ಲ. ಈ ನೇಮವನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ, ಆದರೆ ಬರೆದು ಎದ್ದ ಮೇಲೆ ಅವರಿಗೆ ಮೀನು ಬಡಿಸಿದವಳು ಹೆಂಗಸೇ ಇರಬೇಕು.

ಇಷ್ಟಾಗಿಯೂ ಬಂಗುಡೆ ಸಾರೆಂದರೆ ಯಮುನತ್ತೆಯದೇ. ಹಿತ್ತಲ ಜಗಲಿಯ ಒಲೆಯಲ್ಲಿ, ಒಣಮೆಣಸು, ಹುಣಸೆ, ನಾಲಿಗೆ ಜುಮ್ಮೆನ್ನಿಸುವ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿ, ತೆಳ್ಳಗೆ, ಕೆಂಪಗೆ ಕುದಿಸುತ್ತಿದ್ದರು. ಇಳಿಸಿದ ಮೇಲೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು, ಒಳಗಿನ ಒಲೆಯಲ್ಲಿ ತಮ್ಮ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಅರವತ್ತು ವರ್ಷ ಹೀಗೆ. ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರೆ, ಆ ಉಪ್ಪನ್ನೇ ಅವರು ಬೇರೆಯವರ ಮುಖದಲ್ಲಿ ಓದಬೇಕಾಗಿತ್ತು.

ಮಧ್ಯಾಹ್ನ ನಾವಿಬ್ಬರೂ ಚೌಕಾಬಾರ ಆಡುತ್ತಿದ್ದೆವು. ನೆಲಕ್ಕೆ ಸುಣ್ಣದಲ್ಲಿ ಮನೆ ಬರೆದು, ಕವಡೆ ಕುಲುಕಿ ಕೂತರೆ ಯಮುನತ್ತೆಗೆ ಹದಿನಾರರ ಹುರುಪು. ನನ್ನ ಕಾಯಿ ಕಡಿದಾಗ ತೊಡೆ ತಟ್ಟಿ ನಗುತ್ತಿದ್ದರು. ಅವರ ಕಟ್ಟಳೆ ಎರಡೇ. ಬೇಕೆಂದೇ ಸೋಲಬಾರದು, ಅದು ಎದುರಿಗೆ ಕೂತವಳಿಗೆ ಮಾಡುವ ಅವಮಾನ. ಕವಡೆ ಹಿಡಿದು ಕೊಟ್ಟ ಮಾತಿಗೆ ತಪ್ಪಬಾರದು. ಪಣವೇನೂ ದೊಡ್ಡದಲ್ಲ, ಸೋತವಳು ಗೆದ್ದವಳ ಕಾಲು ಒತ್ತಬೇಕು, ಅಷ್ಟೆ. ನಾನು ಒತ್ತಿದ್ದೇ ಹೆಚ್ಚು.

ಎಂಬತ್ತರ ಹತ್ತಿರ ಬಂದಾಗ ಅವರ ನೆನಪು ಕದಡತೊಡಗಿತು. ಮೊದಲು ವಾರ ಮರೆತರು, ಆಮೇಲೆ ನನ್ನ ಹೆಸರು. ಒಲೆಯ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಬೋಳು ಕೈಗಳನ್ನು ತಿರುಗಿಸಿ ನೋಡಿಕೊಂಡು, ಬಳೆ ಎಲ್ಲಿ ಬಿಚ್ಚಿಟ್ಟೆನೋ ಎಂದು ಮನೆಯೆಲ್ಲ ಹುಡುಕಿದರು. ಗಂಡ ಸತ್ತದ್ದನ್ನೇ ಅವರು ಮರೆತಿದ್ದಾರೆಂದು ನಮಗೆ ಹೊಳೆದದ್ದು ಆಗ. ಚೌಕಾಬಾರದ ದಾರಿಯನ್ನು ಮಾತ್ರ ಬೆರಳು ಮರೆತಿರಲಿಲ್ಲ.

ಅದೇ ವಾರ ಹಿತ್ತಲಿನಿಂದ ಬಂಗುಡೆ ಸಾರಿನ ವಾಸನೆ ಬಂದಾಗ ಯಮುನತ್ತೆ, "ಇವತ್ತು ನಂಗೂ ಒಂದು ಬಟ್ಟಲು ಸಾರು ಕೊಡು. ತಿನ್ನದೆ ಎಷ್ಟು ದಿನ ಆಯ್ತು ಮಾರಾಯ್ತಿ," ಎಂದರು.

ನಾನು ಏನೋ ಹೇಳಿ ಮಾತು ಮರೆಸಿದೆ. ಮರುದಿನ ಮತ್ತೆ ಕೇಳಿದರು. ಆಮೇಲೆ ದಿನವೂ ಅದೇ. ಗಂಜಿ ಕೊಟ್ಟರೆ ಎರಡು ತುತ್ತಿಗೇ ತಟ್ಟೆ ದೂಡುತ್ತಿದ್ದರು, ಕೈ ಸೊರಗಿ ಕಡ್ಡಿಯಾಯಿತು. ‘ನಾನು ಏನು ತಪ್ಪು ಮಾಡಿದೆನೆಂದು ನನಗೊಬ್ಬಳಿಗೇ ಇಲ್ಲ?’ ಎಂದು ಸೊಸೆಯ ಹತ್ತಿರ ಮೆಲ್ಲಗೆ ಕೇಳುವ ಮುದುಕಿಗೆ ಯಾರು ಏನು ಹೇಳಬೇಕು? ಮಾವನವರ ಮುಂದೆ ಹೋಗಿ ನಿಂತೆ. ಅವರೇನೂ ಕಲ್ಲುಮನಸ್ಸಿನವರಲ್ಲ, ಪಂಚೆಯ ಅಂಚನ್ನು ಮಡಚುತ್ತ ಹೇಳಿದರು:

"ಅಕ್ಕ ಮರೆತದ್ದು ಹೌದು. ಆದ್ರೆ ಅರವತ್ತು ವರ್ಷ ಹಲ್ಲು ಕಚ್ಚಿ ಉಳಿಸಿಕೊಂಡದ್ದು ಅವಳು, ನಾನಲ್ಲ. ಅದನ್ನು ಕಳೀಲಿಕ್ಕೆ ನಾನ್ಯಾರು? ನಾಳೆ ಒಂದು ಗಳಿಗೆ ನೆನಪು ಬಂದ್ರೆ ಅವಳಿಗೆ ಯಾವ ಮುಖ ತೋರಿಸ್ಲಿ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿಕೊಂಡು ಬಂದೆ. ವಿಧಿಯೇ ಅವರ ವೈಧವ್ಯವನ್ನು ಅಳಿಸಿಹಾಕಿತ್ತು, ನಾವು ಅದನ್ನು ಜೋಪಾನ ಮಾಡುತ್ತಿದ್ದೆವು. ಸಿಟ್ಟು ಬಂದದ್ದೇನೋ ನಿಜ. ಆದರೆ ಮಾವನವರ ಮಾತೂ ಸುಳ್ಳಾಗಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಮಾವನವರು ಪಕ್ಕದೂರಿಗೆ ಹೋಗಿದ್ದರು, ನನ್ನ ಗಂಡ ಉಂಡು ಮಲಗಿದ್ದರು. ಯಮುನತ್ತೆ ಕವಡೆ ಕುಲುಕುತ್ತ, "ನಾ ಗೆದ್ರೆ ಒಂದು ಬಟ್ಟಲು ಸಾರು. ಹೂಂ ಅನ್ನು," ಎಂದರು.

ಹೂಂ ಅಂದೆ. ಬೇಕೆಂದೇ ಸೋಲಲಿಲ್ಲ. ಗೆಲ್ಲಬೇಕೆಂದೇ ಆಡಿದೆ, ನಾನು ಗೆದ್ದರೆ ಸಾರು ಇಲ್ಲವೆನ್ನುವ ಪಾಪ ಕವಡೆಯ ತಲೆಗೆ ಹೋಗುತ್ತದಲ್ಲ ಎಂಬ ಹೇಡಿತನದಿಂದ. ಅವರಿಗೆ ಮೇಲಿಂದ ಮೇಲೆ ಎಂಟು ಬಿತ್ತು. ಕೊನೆಯ ಕಾಯಿ ಹಣ್ಣು ಮಾಡಿ ಅವರು ತೊಡೆ ತಟ್ಟಿದರು. ನಾನು ಎದ್ದುಹೋಗಿ ಸಾರು ಬಿಸಿ ಮಾಡಿದೆ. ಮಾವನವರು ಬಂದು ಕೇಳಿದರೆ ನನ್ನ ತಲೆ ನನ್ನದು ಎಂದುಕೊಂಡು, ಬಟ್ಟಲನ್ನು ತಂದು ಅವರ ಮುಂದಿಟ್ಟೆ. ಆವಿಗೆ ಮುಖವೊಡ್ಡಿ ಅವರು ಕಣ್ಣು ಮುಚ್ಚಿದರು. ಅಷ್ಟು ಸುಖವಾದ ಮುಖವನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ.

ಬಟ್ಟಲು ತುಟಿಯವರೆಗೆ ಹೋಯಿತು. ಅಲ್ಲಿ ನಿಂತಿತು.

"ಅವರ ಊಟ ಆಯ್ತಾ?"

ಕೇಳಿದ್ದು ತಮ್ಮ ಗಂಡನ ಊಟವನ್ನು. ಗಂಡ ಉಣ್ಣದೆ ಹೆಂಡತಿ ಉಣ್ಣುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಅವರು ಉಂಡೆದ್ದ ಎಲೆಯಲ್ಲೇ ನಾವು ಬಡಿಸಿಕೊಳ್ಳುವುದು. ಆಯಿತು ಅತ್ತೆ, ಉಂಡು ಹೊರಗೆ ಹೋದರು ಎಂದೆ. ಹಾಗಾದರೆ ಎಲೆ ತಾ ಎಂದರು. ನಾನಿನ್ನೂ ಉಂಡಿರಲಿಲ್ಲ, ಅಡುಗೆಮನೆಗೆ ಓಡಿ, ನನ್ನ ಗಂಡ ಉಂಡಿಟ್ಟ ಬಾಳೆಲೆಯನ್ನೇ ಎತ್ತಿ ತಂದು ಹಾಸಿದೆ. ಎಲೆಯಲ್ಲಿ ಒಂದಿಷ್ಟು ಅನ್ನ, ಅಂಚಿಗೆ ಸರಿಸಿದ ಮುಳ್ಳುಗಳು. ಯಮುನತ್ತೆ ಮುಳ್ಳುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡಿದರು.

"ಇದು ಅವರ ಎಲೆ ಅಲ್ಲ. ತಲೆ ಎಲ್ಲಿ ಉಂಟು? ಅವರು ತಲೆ ತಿನ್ನುದಿಲ್ಲ. ನಂಗೆ ಅಂತ ಬಿಡ್ತಾರೆ."

ನನ್ನ ಗಂಡ ತಲೆಯನ್ನು ಚೀಪಿ ಚೂರು ಮಾಡಿದ್ದರು. ಅಷ್ಟು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಉಳಿಸಿದವರಲ್ಲ, ಉಳಿಸಬಹುದೆಂದು ನನಗೂ ಹೊಳೆದಿರಲಿಲ್ಲ. ಅವರು ಬರಲಿ, ಆಮೇಲೆ ಉಂಡರಾಯಿತು ಎಂದು ಯಮುನತ್ತೆ ಬಟ್ಟಲನ್ನು ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು.

ಅತ್ತ ದರಿ, ಇತ್ತ ಪುಲಿ. ಅವರು ಬರುವುದಿಲ್ಲ ಅತ್ತೆ, ಸತ್ತು ಅರವತ್ತು ವರ್ಷವಾಯಿತು ಎಂದರೆ ಆ ಕ್ಷಣಕ್ಕೇ ಅವರು ವಿಧವೆ, ಸಾರು ಇಲ್ಲ. ಹೇಳದಿದ್ದರೆ ಹತ್ತೊಂಬತ್ತರ ಹೆಂಡತಿ, ಗಂಡ ಬರುವವರೆಗೆ ಸಾರು ಇಲ್ಲ. ಮಾವನವರಿಗೆ ಹೆದರಿದೆ, ಶಾಸ್ತ್ರಕ್ಕೆ ಹೆದರಿದೆ. ಅವೆರಡನ್ನೂ ದಾಟಿ ಬಂದ ಮೇಲೆ, ಪ್ರೀತಿಯಿಂದ ಮೀನಿನ ತಲೆ ಉಳಿಸುತ್ತಿದ್ದ ಒಬ್ಬ ಗಂಡಸು ಅಡ್ಡ ನಿಂತಿದ್ದ. ಅವನನ್ನು ದಾಟುವುದು ನನ್ನಿಂದಾಗಲಿಲ್ಲ.

ಅಲ್ಲೇ ಕೂತೆ. ಬಟ್ಟಲಿನ ಆವಿ ನಿಂತಿತು. ಎಷ್ಟು ಹೊತ್ತಾಯಿತೋ, ಯಮುನತ್ತೆ ಹಳೆಯದೇನೋ ನೆನಪಾದವರಂತೆ ನನ್ನ ಕೈ ಎಳೆದುಕೊಂಡು, ಬಟ್ಟಲನ್ನು ಬಾಗಿಸಿ ಅಂಗೈಯ ಗುಳಿಗೆ ಒಂದು ಹನಿ ಬಿಟ್ಟರು. ನೆಕ್ಕಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಕಣ್ಣು ತುಂಬಿ ಗಲ್ಲಕ್ಕೆ ಇಳಿಯುವವರೆಗೂ ನೋಡಿದರು.

"ಖಾರ ಜಾಸ್ತಿ ಆಯ್ತು," ಎಂದರು. "ಅವರಿಗೆ ಆಗ್ಲಿಕ್ಕಿಲ್ಲ. ಬೇರೆ ಮಾಡು."

ಬಾಳೆಲೆಯ ಅಂಚನ್ನು ಹರಿದು ಬಟ್ಟಲಿಗೆ ಮುಚ್ಚಿದರು. ಆಮೇಲೆ ಸೆರಗನ್ನು ಸರಿಮಾಡಿಕೊಂಡು, ಬೀದಿಯಲ್ಲಿ ಹೆಜ್ಜೆಯ ಸದ್ದಾಗುತ್ತದೆಯೇ ಎಂದು ಕಿವಿಗೊಟ್ಟು ಕೂತರು.