ಒಂದೂವರೆ ಸುತ್ತು

ಸಮಸ್ತ ಜನತೆಯ ಗಮನಕ್ಕೆ ಈ ಮೂಲಕ ತರಲಾಗುವುದೇನೆಂದರೆ, ಶನಿವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಯೆಜೆರ್ ಬೆಟ್ಟದ ಬುಡದಲ್ಲಿರುವ ಮರದ ಮಿಲ್ಲಿನ ಅಂಗಳದಲ್ಲಿ, ಹಳೇ ಜೀಪುಗಳ ಸಂಘದ ಅಧಿಕೃತ ಮೆಕ್ಯಾನಿಕ್ ಸೆವೆರ್ ಎಂಬವನ ಎಡಗಿವಿಯೊಳಗೆ ಒಂದು ತೊಟ್ಟು ಗೇರ್ ಎಣ್ಣೆ ಬಿದ್ದಿತು — ತಣ್ಣಗೆ, ಅವಸರವಿಲ್ಲದೆ, ಸ್ವಂತ ಮನೆಗೆ ಬಂದಂತೆ ಒಳಗೆ ಹೋಗಿ ಕೂತಿತು, ಕೂರಲಿ, ಒರೆಸಿಕೊಳ್ಳಲು ಕೈ ಎಲ್ಲಿದೆ, ಎಡಗೈ ಬ್ರೇಕ್ ಪೈಪನ್ನು ಹಿಡಿದಿದೆ, ಬಲಗೈಯಲ್ಲಿ ಸ್ಪ್ಯಾನರಿದೆ, ಬೆನ್ನ ಕೆಳಗೆ ಮರದ ಹೊಟ್ಟು, ಮೂಗಿನಿಂದ ಒಂದು ಗೇಣು ಮೇಲೆ ಅಪ್ಪನ ಜೀಪಿನ ಹೊಟ್ಟೆ, ಅಪ್ಪನ ಜೀಪು ಅನ್ನಬಾರದು, ಅಣ್ಣನ ಜೀಪು ಅನ್ನಬೇಕಂತೆ, ಅನ್ನಬೇಕು ಅಂತ ಯಾರು ಹೇಳಿದ್ದು, ಅಣ್ಣನೇ ಹೇಳಿದ್ದು, ನಟ್ಟು ಮೊದಲು ಹಟ ಮಾಡಿತು, ಆಮೇಲೆ ಕಿರ್ ಅಂದು ಕಾಲು ಸುತ್ತು ತಿರುಗಿತು, ಇನ್ನು ಒಂದೂಕಾಲು ಸುತ್ತು ಬಾಕಿ, ಒಟ್ಟು ಒಂದೂವರೆ, ಒಂದೂವರೆ ಸುತ್ತಿಗೆ ಅಣ್ಣ ಲೌರಿಯಾನ್ ಸಾಯುತ್ತಾನೆ. ಲೆಕ್ಕ ಸುಮ್ಮನೆ ಹಾಕಿದ್ದಲ್ಲ, ಜೀಪು ಕಾರ್ಖಾನೆ ಬಾಗಿಲು ಮುಚ್ಚುವವರೆಗೂ ತಗಡಿಗೆ ಗುದ್ದುವ ವಿಭಾಗದಲ್ಲಿ ಗುದ್ದಿದವನ ಲೆಕ್ಕ, ಅರ್ಧ ಸುತ್ತು ಬಿಚ್ಚಿದರೆ ಏನೂ ಆಗುವುದಿಲ್ಲ, ಎರಡು ಸುತ್ತು ಬಿಚ್ಚಿದರೆ ಮಿಲ್ಲಿನ ಗೇಟಿನ ಹತ್ತಿರವೇ ಪೆಡಲು ಮೆತ್ತಗಾಗಿ ಅವನಿಗೆ ಗೊತ್ತಾಗುತ್ತದೆ, ಒಂದೂವರೆ ಎಂದರೆ ಎಣ್ಣೆ ಬೆವರಿನ ಹಾಗೆ ಜಿನುಗುತ್ತದೆ, ಇವತ್ತು ಸಂಘದ ಜೀಪುಗಳೆಲ್ಲ ಸಾಲಾಗಿ ಬೆಟ್ಟ ಹತ್ತುವ ದಿನ, ಏರುವಾಗ ಯಾರೂ ಬ್ರೇಕು ಮುಟ್ಟುವುದಿಲ್ಲ, ಏರಲಿಕ್ಕೆ ಬೇಕಾದದ್ದು ಪೆಟ್ರೋಲು ಮತ್ತು ಸೊಕ್ಕು, ಎರಡೂ ಲೌರಿಯಾನ್‌ಗೆ ತುಳುಕುವಷ್ಟಿವೆ, ಮೇಲೆ ಕುರಿಹಟ್ಟಿಯಲ್ಲಿ ಗಿಣ್ಣು ಹಾಕಿದ ಮೆಕ್ಕೆಜೋಳದ ಮುದ್ದೆ ಮಮಲಿಗ ತಿಂದು, ತ್ಸುಯಿಕಾ ಸಾರಾಯಿ ಕುಡಿದು, ಹಾಡಿ, ಇಳಿಯಲು ಹೊರಡುತ್ತಾನಲ್ಲ, ಆಗ.

ಇಳಿಜಾರಿನ ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯುತ್ತದೆ, ಎರಡನೆಯದರಲ್ಲಿ ಹಿಡಿದ ಹಾಗೆ ಮಾಡುತ್ತದೆ, ಮೂರನೆಯದು ಸತ್ತ ಕುದುರೆ ತಿರುವು, ಅದಕ್ಕೆ ಹೊಸ ಹೆಸರು ಇಡಬೇಕಾದೀತು, ಅಲ್ಲಿ ಪೆಡಲು ನೆಲಕ್ಕೆ ಹೋಗಿ ಮಲಗಿಬಿಡುತ್ತದೆ, ಹ್ಯಾಂಡ್‌ಬ್ರೇಕಿನ ತಂತಿ ನಿನ್ನೆಯೇ ಸಡಿಲವಾಗಿದೆ, ಎರಡನೇ ಗೇರು ಅಲ್ಲಿ ತಾನಾಗಿ ಹಾರಿಹೋಗುವುದು ಅಪ್ಪನ ಕಾಲದಿಂದ ಬಂದ ಸಂಪ್ರದಾಯ, ಕಂಬಿ ಇಲ್ಲ, ಕಲ್ಲಿಲ್ಲ, ಗಾಳಿ ಇದೆ, ಕೆಳಗೆ ಫರ್ ಮರಗಳು ಈಟಿ ಹಿಡಿದು ನಿಂತಿವೆ — ಮೊದಲು ಸ್ಟೀರಿಂಗ್ ಕಂಬ ಎದೆಗೆ ನುಗ್ಗಲಿ, ಪಕ್ಕೆಲುಬು ಒಲೆಗೆ ಮುರಿಯುವ ಸೌದೆಯ ಹಾಗೆ ಒಂದೊಂದಾಗಿ ಸದ್ದು ಮಾಡಲಿ, ಸೆವೆರ್ ಅದನ್ನು ಎಣಿಸುತ್ತಾನೆ, ಮೂರು ಸಲ ಉರುಳಲಿ, ಇಲ್ಲ, ನಾಲ್ಕು ಸಲ, ಅವನಿಂದ ಹೋದ ತನ್ನ ಮೂರು ಹಲ್ಲಿಗೆ ಮೂರು, ನಾಲ್ಕನೆಯದು ಕೊಸರು, ಕೊನೆಗೆ ಜೀಪು ಅವನ ಮೇಲೆ ಕೂರಲಿ, ಕೂತು ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಲಿ, ರಕ್ತ ಬರಲಿ ಮೂಗಿನಿಂದ, ಕಿವಿಯಿಂದ, ಎಲ್ಲೆಲ್ಲಿಂದ ಬರಲು ಸಾಧ್ಯವೋ ಅಲ್ಲಲ್ಲಿಂದ, ಅವನಿಗೆ ಪ್ರಜ್ಞೆ ಇರಲಿ, ಅದು ಮುಖ್ಯ, ಪ್ರಜ್ಞೆ ಇರಬೇಕು, ತಾನು ಏದುಸಿರು ಬಿಡುತ್ತ ಓಡಿಬಂದು ಬಗ್ಗಿ ನೋಡುವಾಗ ಅವನು ಕಣ್ಣು ಬಿಟ್ಟಿರಬೇಕು. ಜೀಪಿಗೆ ಮಾತ್ರ ನೋವಾಗುತ್ತದೆ, ಪಾಪ, ಅರವತ್ತೆಂಟರ ಜೀಪು, ಅಪ್ಪ ಅದರಲ್ಲಿ ಕರಡಿ ಹೊಡೆಯಲು ಹೋಗುತ್ತಿದ್ದದ್ದು, ಕರಡಿಗಿಂತ ಹೆಚ್ಚು ಹೊಡೆತ ಬಿದ್ದದ್ದು ಇಬ್ಬರು ಮಕ್ಕಳಿಗೆ, ಗೇರು ಕಿರುಚಿದರೆ ತಲೆಯ ಹಿಂದಕ್ಕೆ ಒಂದು, ಇಂಜಿನ್ನು ನಿಂತರೆ ಎರಡು, ಲೌರಿಯಾನ್‌ಗೆ ಬಿದ್ದರೆ ಸೆವೆರ್ ನಗುತ್ತಿದ್ದ, ಸೆವೆರ್‌ಗೆ ಬಿದ್ದರೆ ಲೌರಿಯಾನ್, ಇಬ್ಬರೂ ಸೇರಿ ನಕ್ಕದ್ದು ಅಪ್ಪನೇ ಕೆಸರಿನಲ್ಲಿ ಸಿಕ್ಕಿಬಿದ್ದಾಗ ಒಂದೇ ಸಲ — ಅರ್ಧ ಸುತ್ತು, ಮುಕ್ಕಾಲು.

ಈ ವಾರ ಹನ್ನೊಂದು ಜೀಪು ಇದೇ ಅಂಗಳದಲ್ಲಿ ಅವನ ಕೈಕೆಳಗೆ ಹಾದುಹೋಗಿವೆ, ಹಳೇ ಜೀಪಿಗೆ ಪ್ರೀತಿ ತೋರಿಸುವುದೆಂದರೆ ಸುತ್ತಿಗೆಯಲ್ಲಿ ತೋರಿಸುವುದು, ಜಂಗು ಹಿಡಿದ ಬೋಲ್ಟನ್ನು ಬೆಂಕಿಯಲ್ಲಿ ಸುಟ್ಟ, ಬಗ್ಗಿದ ಪಟ್ಟೆಯನ್ನು ಕಲ್ಲಿನ ಮೇಲಿಟ್ಟು ಚಚ್ಚಿದ, ಒಂದರ ಕಾರ್ಬ್ಯುರೇಟರಿನೊಳಗೆ ಇಲಿ ಸಂಸಾರ ಹೂಡಿತ್ತು, ಎಳೆದು ಬಿಸಾಡಿದ, ಪ್ರತಿಯೊಂದಕ್ಕೂ ಸರಿಯಿದೆ ಅಂತ ರುಜು ಹಾಕಿದ, ಅವನ ರುಜು ಇಲ್ಲದೆ ಸಂಘದ ಒಂದು ಚಕ್ರವೂ ಬೆಟ್ಟ ಹತ್ತುವಂತಿಲ್ಲ, ಹನ್ನೆರಡನೆಯದು ಬಾರದು ಅಂದುಕೊಂಡಿದ್ದ, ಹತ್ತೊಂಬತ್ತು ವರ್ಷ ಬಾರದ್ದು, ಲೌರಿಯಾನ್ ಕೊಟ್ಟಿಗೆಯಲ್ಲಿ ಬೀಗ ಹಾಕಿಟ್ಟದ್ದು, ನಿನ್ನೆ ಬಂತು, ಸಂಘದ ಕಾರ್ಯದರ್ಶಿ ಫಿಲೊಫ್ತೇಯಾ ಅದನ್ನು ತಾನೇ ಓಡಿಸಿಕೊಂಡು ಬಂದಳು, ಅರಣ್ಯ ಕಚೇರಿಯಲ್ಲಿ ನಲವತ್ತು ವರ್ಷ ಮೊಹರು ಒತ್ತಿ ಒತ್ತಿ ಮಾತೂ ಮೊಹರಿನ ಹಾಗೇ ಬೀಳುತ್ತದೆ, ಇದು ಎಲ್ಲಕ್ಕಿಂತ ಹಳೇದಪ್ಪ, ಸಾಲಿನಲ್ಲಿ ಮುಂದೆ ಇದೇ ಹೋಗೋದು, ನೋಡಿ ರುಜು ಹಾಕು ಅಂದಳು, ಬೀಗದಕೈ ಕೊಟ್ಟಳು, ಲೌರಿಯಾನ್ ಇನ್ನೇನಾದರೂ ಹೇಳಿದನಾ ಅಂತ ಸೆವೆರ್ ಕೇಳಿದ, ಯಾಕೆ ಕೇಳಿದೆನೋ, ಹೇಳಿದ, ನಂಗೆ ಹೇಳೋಕೆ ಇಷ್ಟ ಇಲ್ಲ ಅಂದಳು, ಹೇಳಿ ಮೇಡಂ, ಹೇಳಿದಳು: ಮುಟ್ಟಿ ನೋಡ್ಲಿ ಬಿಡಿ ಪಾಪ, ಸಾಯೋದ್ರೊಳಗೆ ಒಂದ್ಸಲ. ಪಾಪ ಅಂದನಂತೆ. ಒದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಪಾಪ ಅನ್ನುವ ಎರಡಕ್ಷರ ಹಲ್ಲಿಲ್ಲದ ಕಡೆ ಹೋಗಿ ಕೂತು ಅಗಿಯುತ್ತಿದೆ, ನಿನ್ನೆಯಿಂದ ಊಟ ಇಳಿದಿಲ್ಲ, ಸರಿ ಅಣ್ಣಾ, ಮುಟ್ಟಿದ್ದೇನೆ, ನೋಡು ಹೇಗೆ ಮುಟ್ಟಿದ್ದೇನೆ — ಒಂದು ಸುತ್ತು.

ಹತ್ತೊಂಬತ್ತು ವರ್ಷದ ಹಿಂದೆ ಅಪ್ಪನನ್ನು ಹನ್ನೊಂದು ಗಂಟೆಗೆ ಮಣ್ಣಿಗಿಟ್ಟದ್ದು, ಎರಡು ಗಂಟೆಗೆ ಅಂಗಳದಲ್ಲಿ ತಿಥಿಯ ಊಟ, ಉದ್ದನೆಯ ಮೇಜು, ಬೇಯಿಸಿದ ಗೋಧಿಯ ಕೊಲಿವಾ ಮೇಲೆ ಸಕ್ಕರೆಯಲ್ಲಿ ಶಿಲುಬೆ ಬರೆದಿತ್ತು, ನೆಂಟರೆಲ್ಲ ಅಪ್ಪನನ್ನು ಹೊಗಳುತ್ತಿದ್ದರು, ಬದುಕಿದ್ದಾಗ ಹೆದರಿದ್ದಕ್ಕೆ ಪರಿಹಾರ, ಸೆವೆರ್ ಮೆಲ್ಲಗೆ ಎದ್ದು ಹೋಗಿ ಜೀಪಿನಲ್ಲಿ ಕೂತ, ಸುಮ್ಮನೆ ಕೂತದ್ದು, ಸುಮ್ಮನೆ ಅಲ್ಲ, ಬೀಗದಕೈ ಜೇಬಿನಲ್ಲಿತ್ತು, ಶವದ ಪೆಟ್ಟಿಗೆಗೆ ಮೊಳೆ ಹೊಡೆಯುವ ಮೊದಲೇ ಅಪ್ಪನ ಕೋಟಿನಿಂದ ತೆಗೆದದ್ದು, ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಲೌರಿಯಾನ್ ಬಂದ, ಇಳಿಯೋ ಅಂದ, ಇಳಿಯಲ್ಲ, ಇಳಿಯೋ ಕಳ್ಳನನ್ಮಗನೇ, ನಿನ್ನಪ್ಪನೂ ಅವನೇ ಅಲ್ವೇನೋ ಅಂತ ಇವನು ನಕ್ಕ, ನಗಬಾರದಿತ್ತು, ಅವನು ಕೂದಲು ಹಿಡಿದು ಎಳೆದ, ನೆಲ, ಮಂಡಿ, ಆಕಾಶ, ಅಣ್ಣನ ಕೈಯಲ್ಲಿ ಜಾಕಿನ ಸರಳು, ಆ ಸದ್ದು ಹೊರಗಿನಿಂದಲ್ಲ, ತಲೆಯ ಒಳಗಿನಿಂದ ಕೇಳಿಸಿತು, ದವಡೆ ಒಂದು ಕಡೆ ತಿರುಗಿ ನಿಂತಿತು, ಮೂರು ಹಲ್ಲು ಸಕ್ಕರೆಯ ಶಿಲುಬೆಯ ಮೇಲೆ ಹೋಗಿ ಬಿದ್ದವು, ಬಾಯಿಯಲ್ಲಿ ರಕ್ತ ತುಂಬಿ ಉಪ್ಪು, ಕೈಗೆ ಸಿಕ್ಕಿದ್ದು ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಸರ್ಮಾಲೆ ಪಾತ್ರೆ, ಕೋಸಿನೆಲೆ, ಹಂದಿಮಾಂಸ, ಕುದಿಯುವ ಸಾರು, ಅಷ್ಟನ್ನೂ ಅವನ ಕತ್ತಿನ ಮೇಲೆ ಸುರಿದ, ಚರ್ಮ ಎಲೆಯ ಹಾಗೆ ಸುಲಿದು ಬಂತು, ಅಣ್ಣ ಕೂಗಿದ ಆ ಕೂಗು ಸೆವೆರ್‌ಗೆ ಹತ್ತೊಂಬತ್ತು ವರ್ಷ ಜೋಗುಳದ ಕೆಲಸ ಮಾಡಿದೆ, ನೆಂಟರು ಬಿಡಿಸಲಿಲ್ಲ, ಮೇಜು ದೂರ ಎಳೆದುಕೊಂಡರು, ಊಟ ಹಾಳಾಗಬಾರದಲ್ಲ, ಅಂದಿನಿಂದ ಒಂದೇ ಬೀದಿ, ಒಂದೇ ಇಗರ್ಜಿ, ಒಂದು ಮಾತಿಲ್ಲ — ಒಂದೂಕಾಲು, ಒಂದೂವರೆ, ಆಯಿತು, ಸ್ಪ್ಯಾನರು ತೆಗೆ, ಒರೆಸು, ಎಷ್ಟು ಸಣ್ಣ ಕೆಲಸ, ಸರಳಿಗಿಂತ ಎಷ್ಟು ಮರ್ಯಾದಸ್ಥ ಕೆಲಸ.

ಕೆಮ್ಮು ಕೇಳಿಸಿತು, ಅಪ್ಪನ ಕೆಮ್ಮು, ಅಂದರೆ ಲೌರಿಯಾನ್ ಬಂದ, ಜೀಪು ಅತ್ತಿತ್ತ ಬಳುಕಿತು, ಹತ್ತಿ ಕೂತ, ಸೆವೆರ್ ತೆವಳಿ ಹೊರಬರುವಷ್ಟರಲ್ಲಿ ಪಾದ್ರಿ ಇಲಾರಿಯೆ ಕಾಮಕಸ್ತೂರಿಯ ಕಟ್ಟನ್ನು ಬಕೆಟ್ಟಿಗೆ ಅದ್ದಿ ಹನ್ನೆರಡು ಜೀಪುಗಳಿಗೂ ತೀರ್ಥ ಚಿಮುಕಿಸುತ್ತ ಬಂದರು, ಅರ್ಧ ಜೀಪಿನಡಿ ಅರ್ಧ ಹೊರಗೆ ಇದ್ದವನ ಮುಖಕ್ಕೂ ಬಿತ್ತು, ಕಾಯುವ ಕೈಗಳನ್ನೂ ದೇವರು ಕಾಯಲಿ ಅಂದರು, ಎಲ್ಲರೂ ಆಮೆನ್ ಅಂದರು, ಅವನೂ ಅಂದ, ರುಜುವನ್ನೂ ಹಾಕಿದ, ಇಂಜಿನ್ನುಗಳು ಒಂದೊಂದಾಗಿ ಗುಡುಗಿದವು, ಹೊಗೆ, ಪೆಟ್ರೋಲು, ಅಣ್ಣನ ಕತ್ತಿನ ಮೇಲೆ ಸುಟ್ಟ ಚರ್ಮ ಮಿರಮಿರ ಮಿಂಚಿತು, ಹೋಗು ಅಣ್ಣಾ ಹೋಗು, ಅಷ್ಟರಲ್ಲಿ ಫಿಲೊಫ್ತೇಯಾ ಕೈ ಎತ್ತಿ ನಿಲ್ಲಿಸಿದಳು, ಕನ್ನಡಕ ಏರಿಸಿದಳು, ಕಾಗದ ಬಿಡಿಸಿದಳು, ಈ ವರ್ಷ ವಿಮೆಯವರು ಹೊಸದಾಗಿ ಸೇರಿಸಿದ ಒಂಬತ್ತನೇ ಕಲಮು, ಓದುತ್ತೇನೆ ಎಲ್ಲರೂ ಕೇಳಿ, ವಾಹನದ ಮಾಲೀಕರು ಮೃತರಾಗಿದ್ದು ವಾರಸುದಾರರು ಒಬ್ಬರಿಗಿಂತ ಹೆಚ್ಚಿದ್ದಲ್ಲಿ ಅವರೆಲ್ಲರೂ ಸದರಿ ವಾಹನದಲ್ಲಿ ಪ್ರಯಾಣಿಸತಕ್ಕದ್ದು, ತಪ್ಪಿದಲ್ಲಿ ವಾಹನವು ಹೊರಡತಕ್ಕದ್ದಲ್ಲ. ಲೌರಿಯಾನ್, ಈ ಗಾಡಿ ಕಾಗದದಲ್ಲಿ ಇನ್ನೂ ನಿಮ್ಮಪ್ಪನ ಹೆಸರಲ್ಲೇ ಇದೆಯಲ್ಲಪ್ಪ. ಇದೆ. ಯಾಕೆ ಬದಲಾಯಿಸಿಲ್ಲ. ಅವನು ಸೆವೆರ್ ಕಡೆ ಗಲ್ಲ ಎತ್ತಿ ತೋರಿಸಿದ, ಊರಿಗೆಲ್ಲ ಗೊತ್ತು, ನೋಟರಿ ಮೂರು ಸಲ ಕರೆಸಿದ್ದರು, ಹಕ್ಕು ಬಿಡುತ್ತೇನೆ ಅಂತ ಬರೆದುಕೊಡು ಅಂದರೆ ಸೆವೆರ್ ಒಂದು ಸಲ ಪೆನ್ನು ಮುರಿದ, ಒಂದು ಸಲ ಕುರ್ಚಿ, ಮೂರನೇ ಸಲ ಬಾಗಿಲಿನ ಗಾಜು, ಬಿಡುವುದಿಲ್ಲ, ಅರ್ಧ ಜೀಪು ನನ್ನದು, ಬೇಕಾದರೆ ಗರಗಸ ತನ್ನಿ ಅಂದಿದ್ದ, ಹತ್ತೊಂಬತ್ತು ವರ್ಷ ಬಿಡದೆ ಹಿಡಿದುಕೊಂಡ ಅರ್ಧ ಜೀಪು ಈಗ ಬಾಗಿಲು ತೆರೆದು ಬಾ ಕೂತುಕೋ ಅನ್ನುತ್ತಿದೆ.

ಅವನು ಹತ್ತಲ್ಲ ಬಿಡಿ ಮೇಡಂ, ನನ್ನ ಪಕ್ಕ ಕೂತ್ರೆ ಅವನಿಗೆ ಹಲ್ಲು ನೋಯುತ್ತೆ, ಅಂದ ಲೌರಿಯಾನ್, ಹನ್ನೊಂದು ಜೀಪು ನಕ್ಕವು, ಹತ್ತದಿದ್ದರೆ ಅಪ್ಪನ ಜೀಪು ಇಲ್ಲೇ ನಿಲ್ಲುತ್ತದೆ, ಅಣ್ಣ ಬದುಕುತ್ತಾನೆ, ಹತ್ತಿದರೆ — ಸೆವೆರ್ ಮತ್ತೆ ಆ ಮೂರನೇ ತಿರುವಿಗೆ ಹೋದ, ಅದೇ ಗಾಳಿ, ಅದೇ ಫರ್ ಮರ, ಆದರೆ ಸ್ಟೀರಿಂಗ್ ಇಲ್ಲದ ಕಡೆ ಕೂತವನು ಮೊದಲು ಗಾಜಿನಾಚೆ ಹೋಗುತ್ತಾನೆ, ಮುರಿಯುವ ಪಕ್ಕೆಲುಬು ಎಣಿಸಲು ಹೋದರೆ ಲೆಕ್ಕ ತನ್ನ ಎದೆಯಿಂದ ಶುರುವಾಯಿತು, ಥೂ, ಎಷ್ಟು ಸೊಗಸಾದ ಕೊಲೆ, ವಿಮೆ ಕಂಪನಿಯ ಯಾವನೋ ಗುಮಾಸ್ತ ಒಂಬತ್ತನೇ ಕಲಮಿನಲ್ಲಿ ಕೊಂದು ಹಾಕಿದ, ಏನಪ್ಪ, ಹತ್ತುತ್ತೀಯೋ ಇಲ್ಲವೋ ಅಂದಳು ಫಿಲೊಫ್ತೇಯಾ, ಹತ್ತುತ್ತೇನೆ, ಒಂದು ನಿಮಿಷ, ಬ್ರೇಕು ಇನ್ನೊಂದ್ಸಲ ನೋಡ್ತೀನಿ, ಅಂದ, ಎಂಥ ಮೆಕ್ಯಾನಿಕ್ ನೋಡ್ರಪ್ಪ ಅಂತ ಯಾರೋ ಮೆಚ್ಚಿದರು, ಪಾದ್ರಿಗಳು ತಲೆದೂಗಿದರು, ಅವನು ಮತ್ತೆ ಹೊಟ್ಟಿನ ಮೇಲೆ ಮಲಗಿ ಒಳಗೆ ಜಾರಿದ, ತಂತಿ ಎಳೆದು ಬಿಗಿದ, ನಟ್ಟು ಒಂದೂವರೆ ಸುತ್ತು ಬಿಗಿದ, ಸುಲಭವಾಗಿಯೇ ಬಂತು, ಮುಗಿಯಿತು ಅಂದುಕೊಂಡ, ಮುಗಿದಿರಲಿಲ್ಲ, ಪೈಪಿನೊಳಗೆ ಗಾಳಿ ಹೊಕ್ಕಿದೆ, ಗಾಳಿ ಹೊಕ್ಕ ಬ್ರೇಕು ಬ್ರೇಕಲ್ಲ, ಅದನ್ನು ಹೊರಗೆ ಹಾಕಲು ಇಬ್ಬರು ಬೇಕು, ಒಬ್ಬ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಒಬ್ಬ ಕೆಳಗೆ ಮಲಗಿ ಚಕ್ರದ ಹತ್ತಿರದ ತಿರುಪು ಬಿಚ್ಚಿ ಮುಚ್ಚಬೇಕು, ಒಬ್ಬನಿಂದ ಆಗದ ಕೆಲಸ, ಇಷ್ಟು ವರ್ಷ ಯಾರ್ಯಾರ ಕಾಲನ್ನೋ ಕೂಗಿ ಕರೆದಿದ್ದಾನೆ, ಈಗ ಪೆಡಲಿನ ಮೇಲಿರುವುದು ಒಂದೇ ಕಾಲು, ನೆಲದ ತಗಡಿನಲ್ಲಿ ಪೆಡಲು ಇಳಿಯುವ ಸೀಳಿನಿಂದ ಬೂಟು ಕಾಣುತ್ತದೆ, ಅಟ್ಟೆ ಒಂದು ಕಡೆ ಸವೆದ ಬೂಟು, ಒತ್ತು, ಅಂದ. ಬೂಟು ಅಲುಗಿತು. ನಂಗಾ ಹೇಳಿದ್ದು? ಇನ್ಯಾರಿಗೆ, ಒತ್ತು. ಬೂಟು ಇಳಿಯಿತು. ಹಿಡ್ಕೊ. ಹಿಡಿದುಕೊಂಡಿತು. ತಿರುಪು ಬಿಚ್ಚಿದ, ಗುಳ್ಳೆ ಗುಳ್ಳೆಯಾಗಿ ಉಗುಳಿತು, ಮುಚ್ಚಿದ, ಬಿಡು. ಬೂಟು ಎದ್ದಿತು. ಒತ್ತು. ಇಳಿಯಿತು. ಏನೋ ಇದು, ಇಷ್ಟೊಂದು ಗಾಳಿ, ಎಲ್ಲಿಂದ ಬಂತೋ, ಅಂತ ಮೇಲಿನಿಂದ ದನಿ, ಮೆಲ್ಲಗೆ, ಉಳಿದವರಿಗೆ ಕೇಳಿಸದಷ್ಟು ಮೆಲ್ಲಗೆ, ಸೆವೆರ್ ಹಿಡ್ಕೊ ಅಂದ, ತಿರುಪು ಬಿಚ್ಚಿ ಮುಚ್ಚಿದ, ಈಗ ಬಿಡು ಅನ್ನಬೇಕು, ಅದೊಂದು ಮಾತು ಬಾಕಿ, ನಾಲಿಗೆ ಹಲ್ಲಿಲ್ಲದ ಕಡೆ ಹೋಗಿ ನಿಂತಿತು, ಗೊತ್ತಾಯಿತಾ, ನಟ್ಟು ಬಿಚ್ಚಿದ್ದು ಗೊತ್ತಾಗಿದೆಯಾ ಅವನಿಗೆ, ಬೂಟು ಹಾಗೇ ಇದೆ, ಎತ್ತುವುದಿಲ್ಲ, ತಾನು ಹೇಳುವವರೆಗೆ ಎತ್ತುವುದಿಲ್ಲ, ಮೂಗಿನಿಂದ ಒಂದು ಗೇಣು ಮೇಲೆ, ಸೀಳಿನಲ್ಲಿ, ಅಣ್ಣನ ಬೂಟು, ಒತ್ತಿಕೊಂಡು, ಬೂಟು —