ತುಂಬಿಯೇ ಮರಳಿದ ತಟ್ಟೆ

"ನಿನ್ನ ಪಕ್ಕದ ಮನೆನೇ ಕಣೇ ಜಲೀಲಾ! ಗುರುವಾರ ಸಹಿ. ಇನ್ಮೇಲೆ ಗೋಡೆ ತಟ್ಟಿದ್ರೆ ಸಾಕು, ನಾನು ಹಾಜರ್!"

ಫೋನಿನಲ್ಲಿ ನಜೀಬಾಳ ಸಂಭ್ರಮ ಹೇಳತೀರದು. ಒಳನಾಡಿನ ಕೈರವಾನ್ ಪಟ್ಟಣದ ಹಳೆಯ ಮನೆ ಮಾರಿ, ಸೂಸ್ ನಗರದ ಕಡಲಂಚಿನ ರೆಸಾರ್ಟ್ ಬಡಾವಣೆಯಲ್ಲಿ ಫ್ಲ್ಯಾಟ್ ಕೊಳ್ಳಬೇಕೆಂದು ಅವಳೂ ಗಂಡ ಲುತ್ಫಿಯೂ ಆಗಸ್ಟಿನಲ್ಲಿ ನೋಡಿದಾಗಲೇ ನಿಶ್ಚಯಿಸಿದ್ದರು. ಮುಂದೆ ಈಜುಕೊಳ, ಆಚೆ ಸಮುದ್ರ, ಬಾಲ್ಕನಿಗಳ ತುಂಬ ಜನ. ಇನ್ನೇನು ಬೇಕು?

ಜಲೀಲಾ ಅವಳ ಬಾಲ್ಯದ ಗೆಳತಿ. ಗಂಡ ತೀರಿಕೊಂಡ ಮೇಲೆ ಇದೇ ಕಟ್ಟಡದಲ್ಲಿ ಮನೆ ಕೊಂಡು ಒಬ್ಬಳೇ ಇದ್ದಳು. ಕೊನೆಗೂ ಗೋಡೆಯಾಚೆ ಒಂದು ದನಿ ಬರುತ್ತದೆ ಎಂದು ಆಗಸ್ಟಿನಿಂದ ಕನಸು ಕಂಡವಳು. ಸುಮ್ಮನಿದ್ದರೆ ಸಾಕಿತ್ತು, ಗೆಳತಿ ಪಕ್ಕಕ್ಕೇ ಬರುತ್ತಿದ್ದಳು. ಆದರೆ "ಗೋಡೆ ತಟ್ಟಿದ್ರೆ ಸಾಕು" ಎಂಬ ಮಾತು ಅವಳ ಎದೆಗೆ ನಾಟಿತು.

"ನಜೀಬಾ, ಸಹಿ ಹಾಕೋ ಮುಂಚೆ ಒಂದ್ಸಲ ಬಂದು ಹೋಗಿ. ಬರುವಾಗ ಒಂದು ತಟ್ಟೆ ಮಕ್ರೂದ್ ತಗೊಂಡು ಬಾ. ಅಕ್ಕಪಕ್ಕದವರಿಗೆ ಹಂಚೋಣ."

ಅದು ಅವರ ಕಡೆಯ ಪದ್ಧತಿ. ಹೊಸ ಓಣಿಗೆ ಹೋಗುವವರು ಖರ್ಜೂರ ತುಂಬಿದ ಆ ಸಿಹಿಯನ್ನು ಮನೆಮನೆಗೆ ಕೊಡಬೇಕು. ಕೊಟ್ಟ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ನಾಲ್ಕು ಮೊಟ್ಟೆಯೋ ಎರಡು ಕಿತ್ತಳೆಯೋ ಇಟ್ಟೇ ಕಳಿಸುತ್ತಾರೆ.

ಮರುದಿನ ಇಬ್ಬರೂ ಬಂದರು. ಚಳಿಗಾಲದ ಕಡಲ ಗಾಳಿ ಮೂಳೆ ಕೊರೆಯುತ್ತಿತ್ತು. ಈಜುಕೊಳದಲ್ಲಿ ನೀರಿರಲಿಲ್ಲ. ಅದರ ತಳದಲ್ಲಿ ಒಂದು ಬೆಕ್ಕು ಬಿಸಿಲು ಕಾಯಿಸುತ್ತಿತ್ತು.

"ಲಿಫ್ಟ್ ಕೆಟ್ಟಿದ್ಯಾ?" ಎಂದ ಲುತ್ಫಿ.

"ಕೆಟ್ಟಿಲ್ಲ ಭಾವ, ನಿಲ್ಸಿದಾರೆ. ಬೇಸಿಗೇಲಿ ಶುರು ಮಾಡ್ತಾರೆ. ನಿರ್ವಹಣೆ ಶುಲ್ಕ ಮಾತ್ರ ವರ್ಷಪೂರ್ತಿ ನಡೀತಿರುತ್ತೆ."

"ಒಳ್ಳೇದಾಯ್ತು ಬಿಡು. ಹೊಟ್ಟೆ ಕರಗುತ್ತೆ," ಎಂದು ನಗುತ್ತ ಹತ್ತಿದ.

ಮೊದಲ ಬಾಗಿಲ ಗಂಟೆ ಒತ್ತಿದರೆ ಸದ್ದೇ ಬರಲಿಲ್ಲ. ಎರಡನೆಯದನ್ನು ತಟ್ಟಿದರು. ಕೆಳಗಿನ ಸಂದಿಯಲ್ಲಿ ಬೇಸಿಗೆಯ ಜಾಹೀರಾತು ಕಾಗದಗಳು ಹಳದಿಗಟ್ಟಿದ್ದವು. ಮೇಲಿನ ಮಹಡಿಯ ಬಾಲ್ಕನಿಯಲ್ಲಿ ಯಾವುದೋ ಮಗುವಿನ ಈಜುಟ್ಯೂಬು ಗಾಳಿ ಹೋಗಿ ಜೋತುಬಿದ್ದಿತ್ತು.

"ಮಧ್ಯಾಹ್ನದ ನಿದ್ದೆ ಹೊಡೀತಿರ್ಬೇಕು," ಎಂದ ಲುತ್ಫಿ. ಈ ಸಲ ನಗಲಿಲ್ಲ.

ಒಂದು ಬಾಗಿಲೂ ತೆರೆಯಲಿಲ್ಲ. ತಟ್ಟೆ ಹೇಗೆ ಹೋಗಿತ್ತೋ ಹಾಗೇ ಜಲೀಲಾಳ ಅಡುಗೆಮನೆಗೆ ಮರಳಿತು.

ಅಲ್ಲಿ ದೊಡ್ಡ ಪಾತ್ರೆಯಲ್ಲಿ ಗೋಧಿ ರವೆಯ ಕುಸ್ಕುಸ್ ಬೆಂದಿತ್ತು. ನಜೀಬಾ ಮುಚ್ಚಳ ತೆಗೆದು, "ಇದೇನೇ, ಮದುವೆ ಮನೆ ಅಡುಗೆ!" ಎಂದಳು.

"ಕೈ ಅಳತೆ ಬದಲಾಗಿಲ್ಲ ಕಣೇ. ಮಾಡ್ತೀನಿ. ಆಮೇಲೆ ನಾಳೆ, ನಾಡಿದ್ದು ಅದನ್ನೇ ತಿಂತೀನಿ."

ಲುತ್ಫಿಯ ಮನಸ್ಸು ಇನ್ನೂ ಹಿಂದೆಗೆದಿರಲಿಲ್ಲ. "ಅಲ್ಲಮ್ಮಾ, ಜನ ಇಲ್ದಿದ್ರೆ ನೆಮ್ಮದಿನೇ ಅಲ್ವಾ? ನಮ್ ಓಣೀಲಿ ಕೆಮ್ಮಿದ್ರೂ ಮೂರು ಮನೆಯವರು ಕಷಾಯ ತರ್ತಾರೆ. ಸಾಕಾಗಿದೆ ನಂಗೆ."

ಜಲೀಲಾ ಚಮಚ ಕೆಳಗಿಟ್ಟಳು.

"ಹೋದ ಚಳಿಗಾಲ ಬಚ್ಚಲಲ್ಲಿ ಜಾರಿಬಿದ್ದೆ ಭಾವ. ಏಳೋಕಾಗ್ಲಿಲ್ಲ. ಫೋನು ಹಾಲಲ್ಲಿತ್ತು. ನೀವು ಕೊಳ್ತೀರಲ್ಲ, ಅದೇ ಮನೆ ಗೋಡೆ ತಟ್ಟಿದೆ. ತಟ್ಟಿದೆ, ತಟ್ಟಿದೆ... ಆಚೆ ಯಾರಿದಾರೆ? ತೆವಳಿಕೊಂಡು ಬರೋ ಹೊತ್ತಿಗೆ ಕತ್ತಲಾಗಿತ್ತು."

"ಅಯ್ಯೋ! ನಂಗ್ಯಾಕೆ ಹೇಳ್ಲಿಲ್ವೇ?" ನಜೀಬಾಳ ಕಣ್ಣು ತುಂಬಿತು.

"ಏನಂತ ಹೇಳ್ಲಿ? ಊರವರಿಗೆಲ್ಲ ಸಮುದ್ರದ ಫೋಟೋ ಕಳಿಸಿದ್ನಲ್ಲ. ನೀನು ಬಂದ್ರೆ ನಂಗೆ ಸ್ವರ್ಗ. ಆದ್ರೆ ನಾನು ಊರಿಗೆ ಹೋದ ದಿನ ಭಾವನಿಗೆ ಎದೆನೋವು ಬಂದ್ರೆ, ನೀನು ಯಾವ ಗೋಡೆ ತಟ್ತೀಯ?"

ಲುತ್ಫಿ ಕಿಟಕಿಯ ಬಳಿ ಹೋದ. ಮುಸ್ಸಂಜೆಯಾಗಿತ್ತು. ಎದುರಿನ ಕಟ್ಟಡಗಳಲ್ಲಿ ಎಲ್ಲೂ ದೀಪ ಕಾಣಲಿಲ್ಲ. "ನಜೀಬಾ, ಗುರುವಾರ ಬರಲ್ಲ ಅಂತ ದಲ್ಲಾಳಿಗೆ ಫೋನ್ ಮಾಡು," ಎಂದ.

ವಸಂತದ ಹೊತ್ತಿಗೆ ಅವರು ಅದೇ ನಗರದ ಮೀನುಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಕೊಂಡರು. ಕಡಲು ಕಾಣದು. ಮನೆ ನೋಡಲು ಹೋದ ದಿನವೇ ಎದುರು ಕಿಟಕಿಯ ಮುದುಕಿ, "ಯಾರ ಕಡೆಯವರಪ್ಪಾ? ಬೆಳಿಗ್ಗೆ ತಿಂಡಿ ಆಯ್ತಾ?" ಎಂದು ಕೂಗಿ ಕೇಳಿದ್ದಳು.

ಜಲೀಲಾ ಅಂದು ತನ್ನ ಮನೆಯಲ್ಲೇ ಉಳಿದಿದ್ದ ಮಕ್ರೂದ್ ತಟ್ಟೆಗೆ ಕಿತ್ತಳೆ ತುಂಬಿಕೊಂಡು ಅಲ್ಲಿಗೆ ಹೋದಳು. ಹೊರಡುವಾಗ ನಜೀಬಾ ಅದೇ ತಟ್ಟೆಗೆ ಬಿಸಿ ರೊಟ್ಟಿ ಇಟ್ಟು ಕೊಟ್ಟಳು. "ಬರಿ ತಟ್ಟೆ ಕಳಿಸ್ತೀನಾ? ಬಾಗಿಲೇ ತೆಗೀದಿರೋಕೆ ನಾನೇನು ನಿನ್ನ ಕಟ್ಟಡದವಳಾ?"

ಜಲೀಲಾಳ ಫ್ಲ್ಯಾಟು ಮಾರಾಟಕ್ಕಿದೆ. ಕೊಳ್ಳುವವರು ಬೇಸಿಗೆಯಲ್ಲಷ್ಟೇ ಬರುತ್ತಾರೆ. "ಚಳಿಗಾಲದಲ್ಲೂ ಒಮ್ಮೆ ಬಂದು ನೋಡಿ," ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಅದಕ್ಕೇ ಇನ್ನೂ ಮಾರಾಟವಾಗಿಲ್ಲ. ನಜೀಬಾಳ ಮನೆಗೆ ಹೋಗಿಬಂದ ಸಂಜೆಗಳಲ್ಲಿ ಬಾಗಿಲು ತೆರೆದು ಒಳಬಂದು, ಅವಳು ಕೊಟ್ಟ ಬೆಚ್ಚನೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಟಿವಿ ಹಚ್ಚುತ್ತಾಳೆ. ಸದ್ದಿರಲಿ ಎಂದು.

ಮನೆ ಕೊಳ್ಳಲು ಹೊರಟವರೇ, ಕಡಲು, ಕೊಳ, ಹೂದೋಟ ಎಲ್ಲ ನೋಡಿ. ಬೇಡ ಎನ್ನುವವರಾರು? ಆದರೆ ಜಾತ್ರೆಯಂತೆ ಜನ ಸೇರುವ ಕಾಲದಲ್ಲಿ ಮಾತ್ರ ನೋಡಿ ಬರಬೇಡಿ. ಯಾರೂ ಬಾರದ ಕಾಲದಲ್ಲಿ, ವಾರದ ನಡುವೆ ಹೋಗಿ. ಸಂಜೆ ಎಷ್ಟು ಕಿಟಕಿಗಳಲ್ಲಿ ದೀಪ ಹತ್ತುತ್ತದೆ ನೋಡಿ. ಆಗಲೂ ಲಿಫ್ಟ್ ಓಡುತ್ತದೆಯೇ, ರೊಟ್ಟಿ ಅಂಗಡಿ ತೆರೆದಿರುತ್ತದೆಯೇ, ವೈದ್ಯರು ಎಷ್ಟು ದೂರ ಎಂದು ಕೇಳಿ. ಕೇಳಲು ಸಂಕೋಚವೇ? ಒಂದು ತಟ್ಟೆ ಸಿಹಿ ಹಿಡಿದು ಪಕ್ಕದ ಬಾಗಿಲು ತಟ್ಟಿ. ಆ ಬಾಗಿಲು ತೆರೆಯುವವರೆಗೆ ಸಹಿ ಹಾಕಬೇಡಿ.